ಸಾಸಿವೆಯಷ್ಟು ದೀಪ

ಮಳೆಗಾಲ ಬಂತು, ದೋಣಿ ದಡ ಹತ್ತಿತು. ಒಡೆಯ ತಿಮ್ಮ ಖಾರ್ವಿ ಎರಡೂ ಬ್ಯಾಟರಿಗಳ ತಂತಿ ಬಿಚ್ಚಲು ಬಂದ. ಹಳೆಯದು ಸುಮ್ಮನೆ ಬಿಚ್ಚಿಸಿಕೊಂಡಿತು. ಹೊಸದು ಮಾತ್ರ ಹಟ ಹಿಡಿಯಿತು.

“ನಾನು ತುಂಬಿದವನು. ಮತ್ತೆ ಕಡಲಿಗಿಳಿಯುವ ದಿನ ಇಂಜಿನ್ನನ್ನು ಎಬ್ಬಿಸುವವನು ನಾನೇ. ನನ್ನನ್ನು ಮುಟ್ಟಬೇಡಿ!”

“ಇರಲಿ ಮಾರಾಯ,” ಎಂದ ತಿಮ್ಮ.

“ನಿನ್ನ ತಂತಿಗೆ ವೈರ್‌ಲೆಸ್ಸಿನ ಕೆಂಪು ದೀಪ ಅಂಟಿಕೊಂಡಿದೆಯಲ್ಲೋ ತಮ್ಮ,” ಎಂದಿತು ಹಳೆಯದು.

“ಸಾಸಿವೆಯಷ್ಟಿದೆ ಅದು! ಎಷ್ಟು ಕುಡಿದೀತು ಅಜ್ಜ? ಪಾಪ, ಕುಡೀಲಿ ಬಿಡು.”

ಹಳೆಯದು ತಿಮ್ಮನ ಮನೆ ಸೇರಿ ಆಗಾಗ ಚಾರ್ಜು ಮಾಡಿಸಿಕೊಳ್ಳುತ್ತ ಕೂತಿತು. ದೋಣಿಯಲ್ಲಿ ದೀಪ ಮಳೆಗಾಲವಿಡೀ ಕುಡಿಯಿತು.

ಮಳೆಗಾಲ ಮುಗಿದು ಕಡಲಿಗಿಳಿಯುವ ದಿನ ಬಂತು. ಸಮುದ್ರಪೂಜೆಯ ಹಾಲೆರೆದು ತಿಮ್ಮ ಕೀಲಿ ತಿರುಗಿಸಿದ. ಹೊಸ ಬ್ಯಾಟರಿ ಮೈಯೆಲ್ಲ ಬಿಗಿ ಮಾಡಿತು. ಹೊರಟದ್ದು ಬರೀ ‘ಟಕ್’. ದಡಕ್ಕೆ ದಡವೇ ನಕ್ಕಿತು. ಅದನ್ನಿಳಿಸಿ ಅಜ್ಜನನ್ನು ಕೂರಿಸಿದರು. ಇಂಜಿನ್ ಗುಡುಗಿತು.

ಆರಿಹೋಗಿದ್ದ ದೀಪ ಕಣ್ಣು ಬಿಟ್ಟು, “ಅಜ್ಜಾ, ನನಗೊಂದು ಗುಟುಕು?” ಎಂದಿತು.

“ಓಡುವಾಗ ಬೇಕಾದಷ್ಟು ಕುಡಿ ಮಗಾ, ಇಂಜಿನ್ ನನ್ನನ್ನು ತುಂಬಿಸುತ್ತಲೇ ಇರುತ್ತದೆ. ದಡ ಹತ್ತಿದ ಮೇಲೆ ಮಾತ್ರ ನೀನ್ಯಾರೋ, ನಾನ್ಯಾರೋ!”