ಹಾಲವ್ವನ ಬಾಗಿಲಲ್ಲಿ ಭಿಕ್ಷೆ

ಹೊಳೆದಂಡೆಯ ಮಠದಲ್ಲಿ ಮರುಳಜ್ಜ ಅಂತ ಒಬ್ಬ ಗುರು, ನಿರುಪಾದಿ ಅಂತ ಒಬ್ಬ ಶಿಷ್ಯ. ಗುರು ಮಾತು ಕಡಿಮೆ ಮಾಡಿದಷ್ಟೂ ಶಿಷ್ಯನ ಮಾತು ಹೆಚ್ಚುತ್ತಿತ್ತು. ಒಂದು ಮಠಕ್ಕೆ ಇಷ್ಟೇ ಮಾತು ಅಂತ ದೇವರು ಅಳೆದು ಕೊಟ್ಟಿದ್ದನೋ ಏನೋ!

ಮಠದ ಒಲೆಯ ಮೇಲೆ ಬೇಯುತ್ತಿದ್ದದ್ದು ಬೆಳಗಿನ ಅಂಬಲಿ ಒಂದೇ. ಅದೂ ದಾರಿಹೋಕರಿಗೆ. ಗುರು ಶಿಷ್ಯರ ಊಟವೆಲ್ಲ ಊರಿನ ಭಿಕ್ಷೆ.

ಭಿಕ್ಷೆಗೆ ಒಂದು ಕಟ್ಟಳೆ ಇತ್ತು. ಬಾಗಿಲಲ್ಲಿ ನಿಂತು ಒಂದೇ ಸಲ ಕೂಗಬೇಕು. ಒಳಗಿನವರು ನೀಡಬೇಕು, ಇಲ್ಲವೇ "ಮುಂದೆ ಹೋಗಪ್ಪಾ" ಅನ್ನಬೇಕು. ಎರಡರಲ್ಲಿ ಒಂದು ಆಗುವ ತನಕ ಆ ಬಾಗಿಲು ಬಿಡುವಂತಿಲ್ಲ.

ಅಜ್ಜನ ಮೊಣಕಾಲು ಕೈಕೊಟ್ಟ ಮೇಲೆ ಜೋಳಿಗೆ ನಿರುಪಾದಿಯ ಹೆಗಲಿಗೆ ಬಂತು. ಅವನು ಹೊರಡುವ ಮುಂಚೆ ಒಂದು ಬಟ್ಟಲು ಅಂಬಲಿ ಕುಡಿಯುತ್ತಿದ್ದ.

"ಹೊಟ್ಟೆ ಚುರುಗುಟ್ಟುತ್ತಿದ್ದರೆ ಜನಕ್ಕೆ ನಾಲ್ಕು ಒಳ್ಳೆ ಮಾತು ಹೇಳುವುದು ಹೇಗೆ?" ಅಂತ ಅವನ ಲೆಕ್ಕ.

ಅಜ್ಜ ನೋಡುತ್ತಿದ್ದ.

ಒಂದು ದಿನ ನಿರುಪಾದಿ ತುಂಬಿದ ಜೋಳಿಗೆ ಹೊತ್ತು ಬಂದ. ಮುಖ ಮಾತ್ರ ಬಾಡಿತ್ತು.

"ಏನೋ, ಇವತ್ತು ಬಲು ಬೇಗ ತುಂಬಿಬಿಟ್ಟೈತೆ?" ಅಂದ ಅಜ್ಜ.

"ಜನಕ್ಕೆ ನನ್ನ ಉಪದೇಶ ಹಿಡಿಸಿದೆ ಅಜ್ಜಾ. ಕುಂಬಾರಗೇರಿಯಲ್ಲಿ ಎರಡನೇ ಮಾತು ಮುಗಿಯುವುದರೊಳಗೆ ಒಬ್ಬ ತಾಯಿ ನಾಲ್ಕು ರೊಟ್ಟಿ ನೀಡಿದಳು."

"ಆಮೇಲೆ?"

"ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು."

ಅಜ್ಜ ನಗಲು ಶುರು ಮಾಡಿದ. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ.

"ಎಲಾ ಇವನ! ಅದು ಭಿಕ್ಷೆ ಅಲ್ಲಪ್ಪಾ, ನಿನ್ನನ್ನ ಸಾಗಹಾಕೋ ಉಪಾಯ."

ನಿರುಪಾದಿಗೆ ನಗು ಬರಲಿಲ್ಲ. ಬದಲಿಗೆ ಕಣ್ಣಲ್ಲಿ ನೀರು ಬಂತು.

"ಅವರ ಮಾತು ಬಿಡಿ ಅಜ್ಜಾ. ಹಾಲವ್ವ ಬಾಗಿಲೇ ತೆಗೆಯುತ್ತಿಲ್ಲ. ನಾನು ಮಾತು ಶುರು ಮಾಡಿದರೆ ಸಾಕು, ಒಳಗಿಂದಲೇ 'ಮುಂದೆ ಹೋಗಪ್ಪಾ' ಅನ್ನುತ್ತಾಳೆ."

ಅಜ್ಜನ ನಗು ಅಲ್ಲಿಗೇ ನಿಂತಿತು.

ಹಾಲವ್ವನ ಒಬ್ಬಳೇ ಮಗಳು ಕೊಟ್ರಿ, ಮದುವೆಯಾಗಿ ಮೊದಲ ಆಷಾಢಕ್ಕೆ ತವರಿಗೆ ಬಂದವಳು, ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅವತ್ತಿನಿಂದ ಹಾಲವ್ವ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯ ರುದ್ರವ್ವ ಬಲವಂತ ಮಾಡಿದರೆ ಒಂದು ತುತ್ತು ನುಂಗುವಳು, ಇಲ್ಲದಿದ್ದರೆ ಅದೂ ಇಲ್ಲ. "ಹಿಂಗೇ ಆದರೆ ಈಕಿ ಉಳಿಯಲ್ಲ" ಅಂತ ರುದ್ರವ್ವ ಬೀದಿಯಲ್ಲಿ ನಿಂತು ಅತ್ತಿದ್ದಳು.

ನಿರುಪಾದಿ ಮೀಸೆ ಮೂಡುವ ಮುಂಚೆ, ತಾಯಿಯನ್ನು ಬಿಟ್ಟು ಮಠಕ್ಕೆ ಬಂದ ಹೊಸತರಲ್ಲಿ, ಅವನ ರೊಟ್ಟಿಗೆ ಬೆಣ್ಣೆ ಮೆತ್ತಿ "ತಿನ್ನೋ, ಸೊರಗಿ ಕಡ್ಡಿ ಆಗೀಯ" ಅಂದವಳು ಇದೇ ಹಾಲವ್ವ. ಅವಳು ಸಾಯುವುದನ್ನು ಅವನು ಹೇಗೆ ನೋಡಿಕೊಂಡಿರಬೇಕು?

"ದಿನಾ ಹೇಳಿದೆ ಅಜ್ಜಾ. ದೇಹ ಬಟ್ಟೆ ಇದ್ದ ಹಾಗೆ ಅಂದೆ. ಆತ್ಮಕ್ಕೆ ಸಾವಿಲ್ಲ ಅಂದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಎಲ್ಲಿ ತಪ್ಪಿದೆ?"

"ನಾನೂ ಹೇಳಿದ್ದೆ," ಅಂದ ಅಜ್ಜ.

"ನೀವೂ?"

"ಮೊದಲ ವಾರದಲ್ಲೇ ಹೋಗಿದ್ದೆ, ಕೋಲೂರಿಕೊಂಡು. ಆತ್ಮಕ್ಕೆ ಸಾವಿಲ್ಲವ್ವಾ ಅಂದೆ. ಆಕಿ ಕೇಳಿದಳು, ಹಂಗಾದರೆ ನಾಳೆ ನನ್ನ ಹತ್ರ ತಲೆ ಬಾಚಿಸಿಕೊಳ್ಳೋಕೆ ಯಾರು ಬರ್ತಾರೆ ಅಂತ."

"ನೀವು ಏನಂದಿರಿ?"

"ಏನನ್ನಲಿ? ಎದ್ದು ಬಂದೆ."

ನಿರುಪಾದಿ ಕಣ್ಣು ಕಣ್ಣು ಬಿಟ್ಟ. ಗುರುವಿಗೇ ಉತ್ತರ ಗೊತ್ತಿಲ್ಲವೆಂದರೆ ಇನ್ನು ಯಾರನ್ನು ಕೇಳುವುದು?

"ಹಾಗಾದರೆ ಜ್ಞಾನ ಅಂದರೆ ಏನಜ್ಜಾ? ಯಾರ ಕಣ್ಣೀರಿಗೂ ಆಗದ ಜ್ಞಾನ ಇಟ್ಟುಕೊಂಡು ನಾವು ಮಾಡುವುದಾದರೂ ಏನು?"

"ನಾಳೆ ಭಿಕ್ಷೆಗೆ ನಾನೂ ಬರ್ತೀನಿ," ಅಂದ ಅಜ್ಜ.

ಇದು ಕೇಳಿದ ಪ್ರಶ್ನೆಗೆ ಉತ್ತರವೇ? ನಿರುಪಾದಿಯ ತಲೆ ಗಿರ್ ಅಂದಿತು.

ಮರುದಿನ ಅಜ್ಜ ಬೇರೆ ಯಾವ ಮನೆಗೂ ಹೋಗಲಿಲ್ಲ. ಕುಂಟುತ್ತಾ ನೆಟ್ಟಗೆ ಹಾಲವ್ವನ ಬಾಗಿಲಿಗೆ ಬಂದು ಒಂದೇ ಸಲ ಕೂಗಿದ.

"ಭಿಕ್ಷಾ ತಾಯೀ!"

ಒಳಗಿಂದ ಉಸಿರೂ ಇಲ್ಲ.

ಅಜ್ಜ ನಿಂತ. ಬಿಸಿಲು ಏರಿತು. ನಿರುಪಾದಿ ಪಿಸುಗುಟ್ಟಿದ.

"ಅಜ್ಜಾ, ಅನಿತ್ಯದ ಬಗ್ಗೆ ನಾಲ್ಕು ಮಾತು ಹೇಳಲೇ?"

"ಬಾಯಿ ಮುಚ್ಕೊಂಡು ನಿಲ್ಲು."

ರುದ್ರವ್ವ ಪಕ್ಕದ ಮನೆಯಿಂದ ಎರಡು ರೊಟ್ಟಿ ಹಿಡಿದು ಓಡಿಬಂದಳು.

"ಅಯ್ಯೋ ಅಜ್ಜಾ, ಈ ವಯಸ್ಸಲ್ಲಿ ಇದೆಂಥಾ ಹಟ? ಇದನ್ನ ತಗೊಳ್ಳಿ, ನೆರಳಿಗೆ ಬನ್ನಿ."

"ಈ ಬಾಗಿಲು ನನ್ನನ್ನ ಇನ್ನೂ ಬಿಟ್ಟಿಲ್ಲ ತಾಯಿ," ಅಂದ ಅಜ್ಜ.

ಬಿಸಿಲು ನೆತ್ತಿಗೆ ಬಂತು. ಅಜ್ಜನ ಕಾಲು ನಡುಗತೊಡಗಿತು. ತುಟಿ ಒಣಗಿ ಬಿಳಿಚಿತು. ಇವತ್ತು ಇಲ್ಲಿ ಒಳಗೊಂದು, ಹೊರಗೊಂದು ಎರಡು ಹೆಣ ಬೀಳುತ್ತವೆ ಅಂತ ನಿರುಪಾದಿಗೆ ಜೀವ ಬಾಯಿಗೆ ಬಂದಿತ್ತು.

ಆಗ ಬಾಗಿಲು ಒಂದು ಬೆರಳಿನಷ್ಟು ಸರಿಯಿತು.

"ಮತ್ತೆ ಆತ್ಮ ಗೀತ್ಮ ಅಂತ ಹೇಳೋಕೆ ಬಂದೀರಾ?" ಒಳಗಿಂದ ಹಾಲವ್ವನ ದನಿ.

"ಇಲ್ಲವ್ವಾ. ಹೊಟ್ಟೆ ಹಸಿದೈತೆ."

"ನಾನು ಒಲೆ ಹಚ್ಚಿಲ್ಲ."

"ನಿಂತಿರ್ತೀನಿ."

"ಮುಂದೆ ಹೋ..." ಅಂತ ಬಾಯಿ ತೆಗೆದವಳು ಅವನ ಕಾಲು ನೋಡಿದಳು. ಬಾಗಿಲು ಪೂರಾ ತೆರೆಯಿತು.

"ನಿಮಗೇನು ತಲೆ ಕೆಟ್ಟೈತಾ ಅಜ್ಜಾ? ನನ್ನ ಬಾಗಿಲಲ್ಲಿ ಬಿದ್ದು ಸತ್ತು ಆ ಪಾಪಾನೂ ನನ್ನ ತಲೆಗೇ ಕಟ್ತೀರಾ? ಬನ್ನಿ ಒಳಗೆ, ಕುಂದ್ರಿ!"

ಬೈಯುತ್ತಲೇ ಒಲೆಯ ಹಳೆ ಬೂದಿ ಬಳಿದಳು. ಬೈಯುತ್ತಲೇ ಊದಿದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿ ರುದ್ರವ್ವ ಹೊರಗೆ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಹಾಲವ್ವ ಬಿಸಿ ರೊಟ್ಟಿ, ಅರೆದ ಕೆಂಪು ಖಾರ ತಂದು ಅಜ್ಜನ ಮುಂದಿಟ್ಟಳು. ಅಜ್ಜ ಒಂದು ತುತ್ತು ತಿಂದ.

"ಖಾರಕ್ಕೆ ಉಪ್ಪು ಸಾಲದು."

ನಿರುಪಾದಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ದಿನದ ಮೇಲೆ ಒಲೆ ಹಚ್ಚಿದ ತಾಯಿಗೆ ಹೇಳುವ ಮಾತೇ ಇದು?

"ಸಾಲದಾ?" ಹಾಲವ್ವ ಸಿಟ್ಟಲ್ಲಿ ಒಂದು ಚೂರು ರೊಟ್ಟಿ ಮುರಿದು, ಖಾರ ಅದ್ದಿ ಬಾಯಿಗೆ ಹಾಕಿಕೊಂಡಳು. "ಸರಿಯಾಗೇ ಐತಲ್ಲ!"

"ನನ್ನ ನಾಲಿಗೆಗೆ ಹತ್ತಲಿಲ್ಲ."

ಅವಳು ಇನ್ನೊಂದು ದೊಡ್ಡ ಚೂರು ಮುರಿದಳು. ಅಗಿದಳು. ಅಗಿಯುತ್ತಾ ಅಗಿಯುತ್ತಾ ನಿಂತುಬಿಟ್ಟಳು.

"ಕೊಟ್ರಿನೂ ಹಿಂಗೇ ಅಂತಿದ್ದಳು," ಅಂದಳು. "ದಿನಾ ಜಗಳ ಮಾಡ್ತಿದ್ದಳು, ಉಪ್ಪು ಸಾಲದು ಅಂತ."

ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಜೋರಾಗಿ ಅತ್ತಳು. ನಿರುಪಾದಿಯೂ ಅತ್ತ. ಸಮಾಧಾನದ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಜ್ಜ ತಟ್ಟೆ ಮುಂದಕ್ಕೆ ತಳ್ಳಿದ.

"ಇನ್ನೊಂದು ರೊಟ್ಟಿ ಹಾಕವ್ವಾ."

ಛೇ, ಇದೆಂಥಾ ಕಲ್ಲೆದೆ!

ಆದರೆ ಹಾಲವ್ವ ಕಣ್ಣೊರೆಸಿಕೊಂಡು ಎದ್ದಳು. ಇನ್ನೊಂದು ರೊಟ್ಟಿ ಬಡಿದಳು. ಆಮೇಲೆ ಮತ್ತೊಂದು ಬಡಿದು ತನಗೂ ಹಾಕಿಕೊಂಡಳು. ಹೊರಡುವಾಗ ಬಾಗಿಲಿಗೆ ಬಂದು ನಿಂತು ಕೇಳಿದಳು.

"ನಾಳೆ ಯಾರು ಬರ್ತೀರಿ?"

"ಇವನು," ಅಂದ ಅಜ್ಜ, ನಿರುಪಾದಿಯ ಕಡೆ ಕೋಲು ತೋರಿಸಿ.

ಹಾಲವ್ವ ನಿರುಪಾದಿಯನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಬಾಗಿಲು ಮಾತ್ರ ಹಾಕಲಿಲ್ಲ.

ಹೊಳೆಯ ದಾರಿಯಲ್ಲಿ ನಿರುಪಾದಿಗೆ ತಡೆಯಲಾಗಲಿಲ್ಲ.

"ತಿಳಿಯಿತು ಅಜ್ಜಾ! ಉಪ್ಪು ಸರಿಯಾಗಿಯೇ ಇತ್ತು. ಅವಳು ತಿನ್ನಲಿ ಅಂತ ನೀವು ಸುಳ್ಳು ಹೇಳಿದಿರಿ. ಅಲ್ಲವೇ?"

"ಉಪ್ಪು ಕಡಿಮೇನೇ ಇತ್ತು," ಅಂದ ಅಜ್ಜ.

ನಿರುಪಾದಿ ನಿಂತುಬಿಟ್ಟ. ಆಮೇಲೆ ಓಡಿ ಬಂದು ಅಜ್ಜನನ್ನು ಕೂಡಿಕೊಂಡ.

"ಹಾಗಾದರೆ ಬಿಸಿಲಲ್ಲಿ ನಿಂತದ್ದು? ಅದು ತಪಸ್ಸೇ?"

"ಕಟ್ಟಳೆ."

"ಅವಳು ಅಳುವಾಗ ರೊಟ್ಟಿ ಕೇಳಿದ್ದರಲ್ಲಿ ಏನೋ ಒಳಗುಟ್ಟು ಇರಬೇಕು."

"ಒಂದಕ್ಕೆ ಹೊಟ್ಟೆ ತುಂಬಿರಲಿಲ್ಲ."

ನಿರುಪಾದಿಗೆ ಅಳು ಬರುವ ಹಾಗಾಯಿತು. ಹಾಲವ್ವ ಉಂಡದ್ದು ಕಣ್ಣಾರೆ ಕಂಡ ಸತ್ಯ. ಹೇಗೆ ಉಂಡಳು ಅನ್ನುವುದು ಮಾತ್ರ ಕೈಗೆ ಸಿಗುತ್ತಿಲ್ಲ. ನಾಳೆ ಆ ತೆರೆದ ಬಾಗಿಲಿಗೆ ಹೋಗಬೇಕಾದವನು ಅವನೇ. ಒಂದು ಮಾತು ಹೆಚ್ಚುಕಮ್ಮಿಯಾಗಿ ಅದು ಮತ್ತೆ ಮುಚ್ಚಿಕೊಂಡರೆ?

ಅವನು ದಾರಿಯ ನಡುವೆಯೇ ಅಜ್ಜನ ಕಾಲು ಹಿಡಿದ.

"ಅಜ್ಜಾ, ನನಗೆ ಒಂದೂ ತಿಳಿಯಲಿಲ್ಲ. ನಾಳೆ ಅವಳ ಬಾಗಿಲಲ್ಲಿ ನಾನು ಏನು ಹೇಳಬೇಕು, ಅದೊಂದನ್ನಾದರೂ ಹೇಳಿಕೊಡಿ."

ಅಜ್ಜ ಅವನ ಭುಜ ಹಿಡಿದು ಎಬ್ಬಿಸಿದ.

"ನಾಳೆ ಅಂಬಲಿ ಕುಡೀದೆ ಹೋಗು."