ನೋಹನ ನಾವೆಯಲ್ಲಿ ಗೆದ್ದಲು

ಜಗವೆಲ್ಲ ಮುಳುಗಿ ಹತ್ತೊಂಬತ್ತು ದಿನವಾಗಿತ್ತು. ನೋಹನ ನಾವೆಯ ತಳದಲ್ಲಿ ಕರಕರ ಸದ್ದು ಕೇಳಿ ಇರುವೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೋಗಿ ನೋಡಿದರೆ ಗೆದ್ದಲು ಹಲಗೆಯನ್ನೇ ಮೇಯುತ್ತಿತ್ತು. ತೂತಿನಿಂದ ನೀರು ಜಿನುಗುತ್ತಿತ್ತು.

“ಎಲ್ಲರನ್ನೂ ಮುಳುಗಿಸುತ್ತೀಯಲ್ಲೋ! ನಿನ್ನಂಥವನನ್ನು ಒಳಗೆ ಬಿಟ್ಟವರು ಯಾರು?”

“ನಿನ್ನನ್ನು ಬಿಟ್ಟವರೇ, ಅಕ್ಕಾ. ಹಸಿವಾಯಿತು, ತಿಂದೆ.”

“ನಾನು ಹುಟ್ಟಿದಾಗಿನಿಂದ ದುಡಿದವಳು. ನನ್ನನ್ನು ಆರಿಸಿದ್ದು ಅದಕ್ಕೆ,” ಎಂದು ಇರುವೆ ನೋಹನ ಬಳಿಗೆ ಓಡಿ ದೂರು ಹೇಳಿತು.

ನೋಹ ಬಂದು ತೂತಿಗೆ ರಾಳ ಮೆತ್ತಿದ. ಗೆದ್ದಲನ್ನು ಎರಡು ಬೆರಳಲ್ಲಿ ಹುಷಾರಾಗಿ ಎತ್ತಿ ಒಣ ಸೌದೆಯ ಮೇಲೆ ಬಿಟ್ಟ.

“ಸ್ವಾಮೀ, ಇವನನ್ನು ನೀರಿಗೆ ಎಸೆಯುವುದಿಲ್ಲವೇ?”

“ಪ್ರತಿ ಜಾತಿಯಲ್ಲೂ ಒಂದು ಜೋಡಿ ಉಳಿಸು ಅಂತಷ್ಟೇ ದೇವರು ಹೇಳಿದ್ದು. ಯೋಗ್ಯತೆ ನೋಡು ಅನ್ನಲಿಲ್ಲ.”

“ಹಾಗಾದರೆ ನಾನು ದುಡಿದದ್ದು?”

“ಅದನ್ನು ಯಾರೂ ಕೇಳಲೇ ಇಲ್ಲವಲ್ಲ, ತಾಯಿ,” ಎಂದು ನೋಹ ಆನೆಗೆ ಮೇವು ಹಾಕಲು ಹೋದ.

ಗೆದ್ದಲು ಸೌದೆಯೊಳಗೆ ಹಾಯಾಗಿ ನಿದ್ದೆ ಹೋಯಿತು. ಇರುವೆ ಮಾತ್ರ ಪುಕ್ಕಟೆ ಸಿಕ್ಕ ಜಾಗದಲ್ಲಿ ಕೂರಲಾರದೆ ಹಲಗೆಯಿಂದ ಹಲಗೆಗೆ ಓಡಾಡತೊಡಗಿತು. ನೀರಿಳಿದು ನೆಲ ಸಿಕ್ಕರೂ ಅದು ಇವತ್ತಿನವರೆಗೆ ನಿಂತಿಲ್ಲ.