ನೂರರ ಮೇಲಿನ ಕೊಸರು

ನಾನು ಹೇಳುವುದನ್ನು ನಂಬುವ ಗಂಡಸು ಈ ಕಟ್ಟೆಯ ಮೇಲೆ ಒಬ್ಬನೂ ಇಲ್ಲ, ಅದು ನನಗೆ ಗೊತ್ತು. ನಂಬಬೇಡಿ. ಮಠದ ಅಂಗಳದ ಗುಂಡುಕಲ್ಲನ್ನು ಮೂರು ಸಲ ಹೆಗಲಿಗೇರಿಸಿದ ಓಬಳೇಶ, ಮಾತಿನಲ್ಲಿ ಇದುವರೆಗೆ ಯಾರಿಗೂ ಸೋಲದ ಓಬಳೇಶ, ಒಂದು ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಕುಳಿತಿದ್ದ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ. ಕುಳಿತಿದ್ದವನು ನಾನು, ಹೇಳುತ್ತಿರುವವನೂ ನಾನೇ.

ಅವತ್ತು ನಾನು ಮಠದ ಅಜ್ಜಯ್ಯನವರನ್ನು ಕೇಳಿದ ಪ್ರಶ್ನೆ ಇದು: "ಅಜ್ಜಯ್ಯಾ, ಒಂದೇ ಹೊಸ್ತಿಲೊಳಗೆ ವ್ಯಾಪಾರವನ್ನೂ ಮಾಡಿ ಮಕ್ಕಳನ್ನೂ ಸಾಕಿದರೆ, ಎರಡರಲ್ಲಿ ಯಾವುದು ಕೆಡುತ್ತದೆ?"

ಪ್ರಶ್ನೆ ಹೇಗಿದೆ? ಯಾವುದೋ ಒಂದು ಕೆಡಲೇಬೇಕು ಎಂದು ಅದರಲ್ಲೇ ಬಿಗಿದು ಕಟ್ಟಿದ್ದೆ. ನುಸುಳಿಕೊಳ್ಳಲು ಒಂದು ಸಂದೂ ಬಿಟ್ಟಿರಲಿಲ್ಲ.

ಕಾರಣವಿತ್ತು. ನನ್ನ ಹೆಂಡತಿ ಪಾಲಮ್ಮ ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಆ ಪುಡಿಯ ರುಚಿಯ ಬಗ್ಗೆ ನನ್ನೆದುರು ಯಾರೂ ಎರಡು ಮಾತಾಡಬೇಡಿ, ಸುತ್ತ ಹದಿನೆಂಟು ಹಳ್ಳಿಯಲ್ಲಿ ಅಂಥದ್ದಿಲ್ಲ. ಆದರೆ ಒರಳಿನ ಪಕ್ಕದಲ್ಲೇ ತೊಟ್ಟಿಲು. ತೊಟ್ಟಿಲ ಪಕ್ಕದಲ್ಲೇ ಆರು ವರ್ಷದ ಮಗಳು ಈರಕ್ಕ. ಅವ್ವ ಕುಟ್ಟಿದರೆ ಇವಳೂ ಕುಟ್ಟಬೇಕು. ಅವ್ವ ಪೊಟ್ಟಣ ಕಟ್ಟಿದರೆ ಇವಳೂ ಕಟ್ಟಬೇಕು. ಅರ್ಧ ಪುಡಿ ನೆಲಕ್ಕೆ, ಕಾಲು ಪುಡಿ ಕೂಸಿನ ಬಾಯಿಗೆ. ಇದೇನು ಮನೆಯೋ ಸಂತೆಯೋ ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

ಅಂದು ಮಠಕ್ಕೆಂದು ಪಾಲಮ್ಮ ಹತ್ತು ಪೊಟ್ಟಣ ಕೊಟ್ಟಳು. ಅದರ ಮೇಲೆ ಹನ್ನೊಂದನೆಯದು ಒಂದನ್ನಿಟ್ಟಳು. ಅದು ಈರಕ್ಕ ತಾನೇ ಕುಟ್ಟಿ ತಾನೇ ಕಟ್ಟಿದ್ದು. ಕಪ್ಪೆ ಕುಕ್ಕರಿಸಿದ ಹಾಗಿತ್ತು.

"ಇದನ್ನ ಅಜ್ಜಯ್ಯನ ಮುಂದೆ ಇಟ್ಟರೆ ನನ್ನ ಮರ್ಯಾದೆ ಏನಾಗಬೇಕು?" ಎಂದೆ.

"ಗುಂಡುಕಲ್ಲು ಎತ್ತೋರಿಗೆ ಒಂದು ಪೊಟ್ಟಣ ಭಾರ ಆಯ್ತಾ?" ಎಂದಳು ಪಾಲಮ್ಮ.

ಹೊತ್ತಾಗಿತ್ತು, ಇಲ್ಲದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಕೆರೆ ಏರಿಯ ತಿರುವು ದಾಟಿದ ಮೇಲೆ ಆ ಹನ್ನೊಂದನೆಯದನ್ನು ಚೀಲದಿಂದ ತೆಗೆದು ಅಂಗಿಯ ಜೇಬಿಗೆ ತುರುಕಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಠದಲ್ಲಿ ಹತ್ತು ಪೊಟ್ಟಣವನ್ನು ಅಜ್ಜಯ್ಯನ ಮುಂದೆ ಸಾಲಾಗಿ ಇಟ್ಟೆ. ನಮಸ್ಕಾರ ಮಾಡಿದೆ. ಪ್ರಶ್ನೆ ಕೇಳಿದೆ. ಅಜ್ಜಯ್ಯ ಬಾಯಿಬಿಟ್ಟು ಒಂದು ಮಾತು 'ವ್ಯಾಪಾರ ಸಾಕು ತಾಯಿ' ಎಂದರೆ ಪಾಲಮ್ಮ ಒರಳನ್ನು ಮಗುಚಿ ಇಡುತ್ತಾಳೆ. ನನ್ನ ಮಾತಿಗೆ ಇಡುವವಳಲ್ಲ. ಆ ಒಂದು ಮಾತನ್ನು ಮನೆಗೆ ತರಬೇಕೆಂದೇ ನಾನು ಹೋಗಿದ್ದು.

ಅಜ್ಜಯ್ಯ ಪೊಟ್ಟಣಗಳನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಒಂದು ಕತೆ ಹೇಳಿದರು. ಅವರು ಹೇಳಿದ ಹಾಗೆಯೇ ಹೇಳುತ್ತೇನೆ, ಒಂದಕ್ಷರ ಆಚೀಚೆ ಆಗುವುದಿಲ್ಲ. ನನ್ನ ನೆನಪು ಎಂಥದ್ದೆಂದು ನಿಮಗೇ ಗೊತ್ತು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಗಂಡ ಕಾಡಿನಿಂದ ಮುತ್ತುಗದ ಎಲೆ ತರುತ್ತಿದ್ದ. ಅವಳು ಮನೆಯ ಪಡಸಾಲೆಯಲ್ಲಿ ಕುಳಿತು ಆ ಎಲೆಗಳನ್ನು ಕಡ್ಡಿಯಿಂದ ಹೆಣೆದು ಊಟದೆಲೆ ಹಚ್ಚುತ್ತಿದ್ದಳು. ಮೂರು ಮಕ್ಕಳು. ದೊಡ್ಡದು ಕಡ್ಡಿ ಸೀಳುತ್ತಿತ್ತು. ನಡುವಿನದು ಎಲೆಗೆ ನೀರು ಚಿಮುಕಿಸುತ್ತಿತ್ತು. ಚಿಕ್ಕದು ಎರಡನ್ನೂ ಕೆಡಿಸುತ್ತಿತ್ತು.

ಮಕ್ಕಳು ನಾವೂ ಎಲೆ ಹಚ್ಚುತ್ತೇವೆ ಎಂದವು. ಅವಳು ಹಚ್ಚಿರಿ ಎಂದಳು. ಮಕ್ಕಳು ಹಚ್ಚಿದ ಎಲೆ ಸೊಟ್ಟ. ಸಾರು ಹಾಕಿದರೆ ಸೋರುತ್ತದೆ. ಅವಳು ಅದನ್ನು ಒಲೆಗೆ ಹಾಕಲಿಲ್ಲ. ತಾನು ಹಚ್ಚಿದ ನೂರರೊಳಗೆ ಸೇರಿಸಲೂ ಇಲ್ಲ. ನೂರು ಎಲೆಯ ಕಟ್ಟು ಕಟ್ಟಿ, ಮಕ್ಕಳ ಎಲೆಗಳನ್ನು ಅದರ ಮೇಲೆ ಕೊಸರಾಗಿ ಇಟ್ಟು ಕೊಡುತ್ತಿದ್ದಳು. ಕೇಳಿದವರಿಗೆ "ನೂರು ನನ್ನದು, ಮೇಲಿನದು ಮನೆಯದು" ಎನ್ನುತ್ತಿದ್ದಳು. ಕೊಳ್ಳುವವರು ನೂರಕ್ಕೆ ಕೊಟ್ಟು ನೂರಹತ್ತನ್ನು ಒಯ್ಯುತ್ತಿದ್ದರು.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನೂ ಎಲೆ ಹಚ್ಚಿಸುತ್ತಿದ್ದ. ಅವನ ಕೊಟ್ಟಿಗೆಗೆ ಬಾಗಿಲಿತ್ತು, ಬಾಗಿಲಿಗೆ ಅಗುಳಿ ಇತ್ತು. ಮಕ್ಕಳು ಒಳಗೆ ಕಾಲಿಡುವಂತಿಲ್ಲ. ನೂರು ಎಂದರೆ ನೂರು. ಕೊಸರು ಕೇಳಿದವರನ್ನು ಅವನು ಬೈದು ಕಳಿಸುತ್ತಿದ್ದ.

ಊರಿನ ಛತ್ರಕ್ಕೆ ಹೊಸ ಪಾರುಪತ್ಯಗಾರ ಬಂದ. ಪಟ್ಟಣದವನು. ಬಂದ ತಿಂಗಳೇ ದೊಡ್ಡ ಸಂತರ್ಪಣೆ. ಅವನು ವ್ಯಾಪಾರಿಗೂ ಆ ಹೆಂಗಸಿಗೂ ಐದೈದು ಕಟ್ಟು ಎಲೆ ತರಲು ಹೇಳಿದ. "ಯಾರ ಎಲೆ ಚೆನ್ನಾಗಿದೆಯೋ, ವರ್ಷವಿಡೀ ಛತ್ರದ ಎಲೆ ಅವರದೇ" ಎಂದ.

ಆ ಕೆಲಸ ಸಿಕ್ಕರೆ ಹೆಂಗಸು ಮನೆಯಲ್ಲೇ ಇದ್ದು ಬದುಕಬಹುದು. ಸಿಗದಿದ್ದರೆ ಗಂಡನ ಜೊತೆ ಊರಾಚೆಯ ಇಟ್ಟಿಗೆ ಗೂಡಿಗೆ ಹೋಗಬೇಕು. ಗೂಡಿನ ಹತ್ತಿರ ಮಕ್ಕಳಿಗೆ ನೆರಳಿಲ್ಲ. ನೆರೆಯವರು ಬಂದು, ಈ ಹದಿನೈದು ದಿನವಾದರೂ ಮಕ್ಕಳನ್ನು ನಿನ್ನ ತವರಿಗೆ ಕಳಿಸು, ಕೈ ಬಿಡುವಾಗುತ್ತದೆ ಎಂದರು. ಅವಳು ಕಳಿಸಲಿಲ್ಲ. ಐದು ಕಟ್ಟು ಕಟ್ಟಿದಳು. ಯಾವಾಗಿನ ಹಾಗೆ ಪ್ರತಿ ಕಟ್ಟಿನ ಮೇಲೂ ಕೊಸರು ಇಟ್ಟಳು. ತಲೆಯ ಮೇಲೆ ಹೊತ್ತು ಛತ್ರಕ್ಕೆ ತಂದಳು.

ಪಾರುಪತ್ಯಗಾರ ಅವಳ ಕಟ್ಟಿನ ಮೇಲಿನ ಎಲೆ ತೆಗೆದು ನೀರು ಹೊಯ್ದ. ಸೋರಿತು. ಎರಡನೆಯದಕ್ಕೆ ಹೊಯ್ದ. ಅದೂ ಸೋರಿತು. ಅವನು ಪೇಟೆಯ ಅಂಗಡಿಗಳನ್ನು ನೋಡಿ ಬೆಳೆದವನು. ಅಲ್ಲಿ ಒಳ್ಳೆಯ ಹಣ್ಣು ಮೇಲಿರುತ್ತದೆ, ಕೊಳೆತದ್ದು ಬುಟ್ಟಿಯ ತಳದಲ್ಲಿರುತ್ತದೆ. ಮೇಲಿನದೇ ಹೀಗಿದ್ದರೆ ಕೆಳಗಿನದು ಹೇಗಿರಬೇಡ ಎಂದುಕೊಂಡ.

ಇಲ್ಲಿ ನಾನು ತಡೆಯಲಾಗದೆ ಬಾಯಿ ಹಾಕಿದೆ. "ಬುದ್ಧಿವಂತ ಅವನು, ಅಜ್ಜಯ್ಯಾ. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ."

"ಗೊತ್ತು," ಎಂದರು ಅಜ್ಜಯ್ಯ. ಕತೆ ಮುಂದುವರಿಸಿದರು.

"ಅದು ಮಕ್ಕಳ ಕೊಸರು, ಬುದ್ಧೀ. ಕೆಳಗಿನದಕ್ಕೆ ನೀರು ಹೊಯ್ದು ನೋಡಿ" ಎಂದಳು ಹೆಂಗಸು.

"ಛತ್ರ ನಡೆಸುವವನು ನಾನು. ಮಕ್ಕಳಾಟ ನೋಡಲು ಬಂದವನಲ್ಲ" ಎಂದ ಪಾರುಪತ್ಯಗಾರ. ವ್ಯಾಪಾರಿಯನ್ನು ಕರೆದು ಇನ್ನೂ ಐದು ಕಟ್ಟು ತಾ ಎಂದ.

ಅನ್ನಕ್ಕೆಂದು ಹೊರಟ ಎಲೆ ಅನ್ನ ಕಾಣದೆ ಮನೆಗೆ ಮರಳಬಾರದು ಎಂಬುದು ಆ ಹೆಂಗಸಿನ ಮನೆಯ ನಡೆ. ಐದು ಕಟ್ಟನ್ನೂ ಅಡುಗೆಮನೆಯ ಹಿಂದಿನ ಜಗಲಿಯ ಮೇಲೆ ಇಟ್ಟಳು. ಮನೆಗೆ ಹೋಗಿ ಇಟ್ಟಿಗೆ ಹೊರಲು ತಲೆಗೆ ಹಳೆಯ ಬಟ್ಟೆಯ ಸಿಂಬಿ ಸುತ್ತಿಟ್ಟಳು.

ಸಂತರ್ಪಣೆಯ ದಿನ ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ವ್ಯಾಪಾರಿಯ ಹತ್ತು ಕಟ್ಟು ಮುಗಿಯಿತು. ನೂರು ಎಂದರೆ ನೂರೇ, ಮೇಲೊಂದಿಲ್ಲ. ಉಣ್ಣಲು ಇನ್ನೂ ನಾಲ್ಕು ಪಂಕ್ತಿ ಜನ ಕಾಯುತ್ತಿದ್ದರು. ಪಾರುಪತ್ಯಗಾರ ಬೆವೆತ. ಅಡುಗೆಯವನು ಹಿಂದಿನ ಜಗಲಿಗೆ ಹೋಗಿ ಒಂದು ಕಟ್ಟು ತಂದ. ಮೇಲಿನ ಕೊಸರು ಎತ್ತಿ ಪಕ್ಕಕ್ಕಿಟ್ಟ. ಅದರ ಕೆಳಗಿನ ಎಲೆಗೆ ನೀರು ಹೊಯ್ದ. ನೀರು ನಿಂತಿತು. ಅದರ ಕೆಳಗಿನದಕ್ಕೆ ಹೊಯ್ದ. ನೀರು ನಿಂತಿತು.

"ನಮ್ಮ ಕಡೆ ಕೊಸರು ಮೇಲಿರುತ್ತೆ ಬುದ್ಧೀ, ಮಾಲು ಕೆಳಗಿರುತ್ತೆ" ಎಂದ ಅಡುಗೆಯವನು.

ನಾಲ್ಕು ಪಂಕ್ತಿ ಉಂಡು ಎದ್ದಿತು. ಆ ಐದು ನೂರೂ ಮುಗಿಯಿತು. ಕೊನೆಗೆ ಉಳಿದವರು ನೀರು ಹೊತ್ತವರು, ಒಲೆ ಉರಿಸಿದವರು, ಎಂಜಲೆಲೆ ಎತ್ತಿದವರು. ಬಡಿಸಿದವನು ಕಡೆಗೆ ಉಣ್ಣಬೇಕಾದ್ದರಿಂದ ಪಾರುಪತ್ಯಗಾರನೂ ಅವರ ಜೊತೆ ಕುಳಿತ. ಈಗ ಉಳಿದದ್ದು ಕೊಸರು ಮಾತ್ರ. ಅಡುಗೆಯವನು ಒಂದರ ಮೇಲೊಂದರಂತೆ ಎರಡೆರಡು ಹಾಸಿದ. ಒಂದರ ತೂತಿಗೆ ಇನ್ನೊಂದು ಅಡ್ಡ ಬಂತು. ಆದರೂ ಸಾರು ಸ್ವಲ್ಪ ಇಳಿದು ಪಾರುಪತ್ಯಗಾರನ ಪಂಚೆ ಒದ್ದೆಯಾಯಿತು. ಅವನು ಬಗ್ಗಿ ಎಲೆಯನ್ನು ನೋಡಿದ. ಸಣ್ಣ ಕೈ ಚುಚ್ಚಿದ ಕಡ್ಡಿಗಳು, ಹೇಗೆ ಬೇಕೋ ಹಾಗೆ. ಕಡ್ಡಿ ತಪ್ಪಿದ ಒಂದು ಜಾಗದಲ್ಲಿ ಯಾರೋ ದೊಡ್ಡವರು ಕೈಯಾಡಿಸಿದ್ದರು. ಮಗುವಿನ ಕಡ್ಡಿಯನ್ನು ಕಿತ್ತಿರಲಿಲ್ಲ. ಅದರ ಪಕ್ಕದಲ್ಲಿ ತಮ್ಮದೊಂದು ಕಡ್ಡಿಯನ್ನು ಚುಚ್ಚಿದ್ದರು.

ಮರುದಿನ ಬೆಳಿಗ್ಗೆ ಅವನು ಅವಳ ಮನೆಗೆ ಹೋದ. ಅವಳು ಸಿಂಬಿ ತಲೆಗಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕದು ಸೆರಗು ಹಿಡಿದಿತ್ತು.

"ವರ್ಷದ ಎಲೆ ಈ ಮನೆಯಿಂದಲೇ ಬರಲಿ" ಎಂದ ಅವನು.

ಅವಳು ಸಿಂಬಿ ಇಳಿಸಿದಳು. "ಕೊಸರು ಇಡಲೋ, ಬಿಡಲೋ?" ಎಂದು ಕೇಳಿದಳು.

"ನೂರಕ್ಕೆ ಎರಡು ಕಡಿಮೆ ಬಂದರೆ ತಾಳಿಕೊಂಡೇನು. ಕೊಸರಿಲ್ಲದ ಕಟ್ಟನ್ನು ಛತ್ರಕ್ಕೆ ತರಬೇಡ ತಾಯಿ."

ಆರು ವರ್ಷ ಕಳೆಯಿತು. ಒಂದು ದಿನ ಅವಳ ಮನೆಯ ಕಟ್ಟು ಬಂದಾಗ, ಹಳೆಯದು ನೆನಪಾಗಿ, ಪಾರುಪತ್ಯಗಾರ ಎಲ್ಲಕ್ಕಿಂತ ಮೇಲಿನ ಎಲೆಯನ್ನು ತೆಗೆದು ನೀರು ಹೊಯ್ದ. ಒಂದು ಹನಿಯೂ ಇಳಿಯಲಿಲ್ಲ. ಎರಡನೆಯದಕ್ಕೆ ಹೊಯ್ದ. ಇಳಿಯಲಿಲ್ಲ. ಕೊಸರು ಎಲ್ಲಿಗೆ ಮುಗಿದು ನೂರು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕಿದ. ಅವನಿಗೆ ತಿಳಿಯಲಿಲ್ಲ.

ಅಜ್ಜಯ್ಯ ಕತೆಯನ್ನು ಅಲ್ಲಿಗೆ ಮುಗಿಸಿದರು.

ನಾನು ಸೋಲೊಪ್ಪಲಿಲ್ಲ. ನನ್ನ ಬಳಿ ಮಾತು ಇದ್ದೇ ಇತ್ತು. ಕತೆಯ ಹೆಂಗಸು ದೊಡ್ಡವಳು, ಒಪ್ಪಿದೆ. ಒಬ್ಬಳೇ ಛತ್ರದ ಮಾನ ಉಳಿಸಿದಳು, ಎದ್ದು ಕೈ ಮುಗಿಯುತ್ತೇನೆ. ಆದರೆ ಎಲೆ ಬೇರೆ, ಚಟ್ನಿಪುಡಿ ಬೇರೆ. ಒಂದು ಉಣ್ಣುವ ತನಕ ಇರುವುದು, ಇನ್ನೊಂದು ಹೊಟ್ಟೆಗೇ ಹೋಗುವುದು. ಹೀಗೆ ಹೇಳಬೇಕೆಂದು ಎದೆಯುಬ್ಬಿಸಿ ಕುಳಿತೆ. ಎಂಥ ಮಾತು ನೋಡಿ! ಅದಕ್ಕೆ ಉತ್ತರ ಯಾರಲ್ಲೂ ಇರಲಿಲ್ಲ.

ಅಜ್ಜಯ್ಯ ನನ್ನ ಎದೆಯನ್ನೇ ನೋಡುತ್ತಿದ್ದರು. ನಾನೂ ಬಗ್ಗಿ ನೋಡಿಕೊಂಡೆ. ಬಿಳಿ ಅಂಗಿಯ ಜೇಬಿನ ಮೇಲೆ ಅಂಗೈಯಗಲ ಶೇಂಗಾ ಎಣ್ಣೆಯ ಕೆಂಪು ಕಲೆ ಹರಡಿತ್ತು.

"ಕೊಸರು ಎಲ್ಲಿ, ಓಬಳೇಶಾ?" ಎಂದರು ಅಜ್ಜಯ್ಯ.

ಆಗ ನನ್ನ ಬಾಯಿ ಮುಚ್ಚಿತು. ಜೇಬಿನಿಂದ ಪೊಟ್ಟಣ ತೆಗೆದು ಹತ್ತರ ಮೇಲೆ ಇಟ್ಟೆ. ಅಜ್ಜಯ್ಯ ಅದರ ದಾರವನ್ನು ಕತ್ತರಿಸಲಿಲ್ಲ. ಈರಕ್ಕ ಹಾಕಿದ್ದ ಏಳು ಗಂಟನ್ನೂ ಒಂದೊಂದಾಗಿ ಬಿಚ್ಚಿದರು. ಅಷ್ಟರಲ್ಲಿ ಮಧ್ಯಾಹ್ನದ ಪಂಕ್ತಿ ಕೂತಿತು. ನಾನೂ ಕೂತೆ.

ನಾನು ಒಂದು ಮಾತು ಕೇಳಿ ತರಲು ಹೋಗಿದ್ದೆ. ನನಗೆ ಕೊಟ್ಟದ್ದು, ಎಲೆಯ ತುದಿಯಲ್ಲಿ, ನನ್ನ ಮಗಳು ಕುಟ್ಟಿದ ಒಂದು ಚಿಟಿಕೆ ಚಟ್ನಿಪುಡಿ. ಉಪ್ಪು ಹೆಚ್ಚಾಗಿತ್ತು.